ದೀಪಾಲಂಕಾರವೂ ಅನರ್ಥದಂಡವೂ

ಸಾಗರ ತಾಲ್ಲೂಕಿನ ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ಶರಾವತಿ ಹಿನ್ನೀರಿನ ಮೇಲೆ ನಿರ್ಮಿಸಲಾದ ಸೇತುವೆಯು 2025ರ ಜುಲೈ 14ರಂದು ಸಂಚಾರಕ್ಕೆ ತೆರೆಯಿತು. ಎರಡು ಕಿಲೋಮೀಟರಿಗೂ ಮೀರಿದ ಉದ್ದ, ನಾನೂರು ಕೋಟಿ ರೂಪಾಯಿಗೂ ಮೀರಿದ ವೆಚ್ಚ. ಬ್ಯಾಕೋಡು, ತುಮರಿ ಮೊದಲಾದ ಊರುಗಳ ಜನ ಇದಕ್ಕಾಗಿ ಆರು ದಶಕಗಳ ಕಾಲ ಕಾದಿದ್ದರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ನೀರು ನಿಂತ ಮೇಲೆ ಆ ಊರುಗಳಿಂದ ಸಾಗರಕ್ಕೆ ಬರಲು ಉಳಿದ ಹತ್ತಿರದ ದಾರಿ ಲಾಂಚ್ ಒಂದೇ. ಸಂಜೆಯಾಯಿತೆಂದರೆ ಲಾಂಚ್ ನಿಲ್ಲುತ್ತಿತ್ತು. ಕೊನೆಯ ಲಾಂಚ್ ತಪ್ಪಿದವನಿಗೆ ಹೊಳೆಬಾಗಿಲಿನ ದಡವೇ ಆ ರಾತ್ರಿಯ ಬಿಡದಿ. ಹೆರಿಗೆಯ ನೋವಾಗಲಿ ಹಾವಿನ ಕಡಿತವಾಗಲಿ ಲಾಂಚಿನ ವೇಳೆಯನ್ನು ನೋಡಿಕೊಂಡು ಬರುವುದಿಲ್ಲವಷ್ಟೆ.

ಪತ್ರಿಕೆಗಳು ಸೇತುವೆಯ ಉದ್ದವನ್ನು ಬರೆದವು, ವೆಚ್ಚವನ್ನು ಬರೆದವು, ಉದ್ಘಾಟನೆಗೆ ಯಾರು ಬಂದರು ಯಾರು ಬರಲಿಲ್ಲ ಎಂಬುದನ್ನು ಎಲ್ಲಕ್ಕಿಂತ ವಿಸ್ತಾರವಾಗಿ ಬರೆದವು. ಬರೆಯದೆ ಬಿಟ್ಟ ಸಂಗತಿ ಒಂದಿದೆ. ಆ ದಿನ ಬ್ಯಾಕೋಡಿನ ಸೀಮೆಗೆ ರಸ್ತೆಯೊಂದಿಗೆ ರಾತ್ರಿಯೂ ತೆರೆಯಿತು. ಸೂರ್ಯಾಸ್ತದೊಂದಿಗೆ ಮುಚ್ಚಿಕೊಳ್ಳುತ್ತಿದ್ದ ನಾಡಿನಲ್ಲಿ ಈಗ ಯಾವ ಹೊತ್ತಿಗಾದರೂ ವಾಹನ ಹೋಗಬಹುದು, ಬರಬಹುದು. ರಾತ್ರಿಯಲ್ಲಿ ಏನನ್ನು ಮಾಡಬಹುದು, ಏನನ್ನು ಮಾಡಬಾರದು ಎಂಬ ಪ್ರಶ್ನೆಯನ್ನು ಸಾವಿರಾರು ವರ್ಷಗಳಿಂದ ಶ್ರದ್ಧೆಯಿಂದ ಕೇಳಿಕೊಂಡು ಬಂದ ಸಮಾಜವೊಂದಿದ್ದರೆ ಅದು ಜೈನ ಸಮಾಜ. ಆದುದರಿಂದ ಈ ವಾರ್ತೆ ಶ್ರಾವಕರ ಮನೆಗಳಲ್ಲೂ ಬಸದಿಗಳ ಆಡಳಿತ ಮಂಡಳಿಗಳಲ್ಲೂ ಸೇತುವೆಯ ಆಚೆಗಿನ ಒಂದು ವಿಚಾರವನ್ನು ಎಬ್ಬಿಸಬೇಕಾಗಿತ್ತು. ಎಬ್ಬಿಸಿದಂತೆ ಕಾಣುವುದಿಲ್ಲ.

ಮೊದಲೇ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಬ್ಯಾಕೋಡಿನವರಿಗೆ ಕತ್ತಲೆಯ ಮಹಿಮೆಯನ್ನು ಬೋಧಿಸುವ ಅಧಿಕಾರ ನಾಡಿನಲ್ಲಿ ಯಾರಿಗೂ ಇಲ್ಲ. ಹಿರೇಭಾಸ್ಕರ ಅಣೆಕಟ್ಟಿನ ನೀರಿನಿಂದ 1948ರಲ್ಲಿ ಜೋಗದ ವಿದ್ಯುದಾಗಾರ ನಡೆಯತೊಡಗಿತು. ಅನಂತರ ಲಿಂಗನಮಕ್ಕಿಯ ನೀರು ಆ ಅಣೆಕಟ್ಟನ್ನೇ ನುಂಗಿತು. ಬೇಸಿಗೆಯಲ್ಲಿ ನೀರು ತೀರ ಇಳಿದಾಗ ಅದರ ಗೋಡೆ ಇಂದಿಗೂ ಕಾಣುತ್ತದೆ. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವಾಟ್. ಬೆಂಗಳೂರಿನ ಬೀದಿಗಳೂ ಕಾರ್ಖಾನೆಗಳೂ ದಶಕಗಳ ಕಾಲ ಬೆಳಗಿದ್ದು ಬಹುಪಾಲು ಈ ನೀರಿನಿಂದ. ಗದ್ದೆ ತೋಟಗಳನ್ನು ಮುಳುಗಡೆಗೆ ಬಿಟ್ಟುಕೊಟ್ಟವರಲ್ಲಿ ಅನೇಕರ ಮನೆಗಳಲ್ಲಿ ಮಾತ್ರ ಬಹುಕಾಲ ಉರಿದದ್ದು ಚಿಮಣಿ ಬುಡ್ಡಿ. ಅಂಥವರ ಅಡಿಗೆಮನೆಯ ದೀಪ, ಮಕ್ಕಳು ಓದುವ ದೀಪ, ಆಸ್ಪತ್ರೆಯ ದೀಪ, ರಾತ್ರಿ ರೋಗಿಯನ್ನು ಹೊತ್ತು ಸೇತುವೆ ದಾಟುವ ವಾಹನದ ದೀಪ, ಇವು ಯಾವುವೂ ಇಲ್ಲಿ ಚರ್ಚೆಯ ವಿಷಯವಲ್ಲ. ಗೃಹಸ್ಥನಿಗೆ ಆರಂಭಹಿಂಸೆ ಅನಿವಾರ್ಯವೆಂಬುದನ್ನು ಶಾಸ್ತ್ರವೇ ಒಪ್ಪಿದೆ.

ಚರ್ಚೆಯ ವಿಷಯ ಬಸದಿಯ ಹೊರಗೋಡೆಯ ಮೇಲೆ ಇಡೀ ರಾತ್ರಿ ಉರಿಯುವ ಸಾಲುದೀಪಗಳದು.

ಇತ್ತೀಚಿನ ವರ್ಷಗಳಲ್ಲಿ ಪಂಚಕಲ್ಯಾಣ, ರಥೋತ್ಸವ, ವಾರ್ಷಿಕೋತ್ಸವ ಯಾವುದೇ ಇರಲಿ, ಆಮಂತ್ರಣ ಪತ್ರಿಕೆಯಲ್ಲಿ ವಿದ್ಯುದ್ದೀಪಾಲಂಕಾರ ಒಂದು ಸೇವೆಯಾಗಿ ಅಚ್ಚಾಗುತ್ತಿದೆ; ಸೇವಾಕರ್ತರ ಹೆಸರು ದಪ್ಪ ಅಕ್ಷರದಲ್ಲಿರುತ್ತದೆ. ಗರ್ಭಗೃಹದ ಮುಂದೆ ತುಪ್ಪದ ಹಣತೆ ಒಂದು. ಹೊರಗೆ ಮಾನಸ್ತಂಭದ ತುದಿಯಿಂದ ಪ್ರಾಕಾರದ ಮೂಲೆಯವರೆಗೆ ನೀಲಿ, ಹಸಿರು, ನೇರಳೆ ಬಣ್ಣದ ಸರಗಳು. ಅಂಗಳದಲ್ಲಿ ಕಣ್ಣು ಕೋರೈಸುವ ದೊಡ್ಡ ದೀಪಗಳು. ವಿದ್ಯುತ್ತು ಹೋದರೆ ಎಂಬ ಆತಂಕಕ್ಕೆ ಡೀಸೆಲ್ ಜನರೇಟರು. ವೀತರಾಗನ ಸನ್ನಿಧಿಯಲ್ಲಿ ನೇರಳೆ ಬಣ್ಣದ ದೀಪ ಏನು ಹೇಳುತ್ತದೆಂಬುದು ರುಚಿಯ ಪ್ರಶ್ನೆ; ಅದನ್ನು ಇಲ್ಲಿಗೇ ಬಿಡಬಹುದು. ಮರುದಿನ ಬೆಳಗ್ಗೆ ಕಾಣುವುದು ರುಚಿಯ ಪ್ರಶ್ನೆಯಲ್ಲ. ಮಲೆನಾಡಿನಲ್ಲಿ ಒಂದು ಮಳೆ ಬಿದ್ದ ಮೇಲಿನ ರಾತ್ರಿ ಇಂಥ ದೀಪದ ಕೆಳಗೆ ಏನಾಗುತ್ತದೆಂಬುದು ಅಲ್ಲಿನ ಮಕ್ಕಳಿಗೂ ಗೊತ್ತು. ಸುತ್ತಿ ಸುತ್ತಿ ರೆಕ್ಕೆ ಸುಟ್ಟು, ಸೋತು ಉದುರಿದ ಹುಳುಗಳನ್ನು ಮುಂಜಾನೆ ಕಸಪೊರಕೆಯಿಂದ ಗುಡಿಸಿ, ಮೊರಕ್ಕೆ ತುಂಬಿ, ಪ್ರಾಕಾರದ ಆಚೆಗೆ ಚೆಲ್ಲುತ್ತಾರೆ. ಅಂಗಳ ಶುಚಿಯಾಗುತ್ತದೆ. ಆಮೇಲೆ ಅಭಿಷೇಕಕ್ಕೆಂದು ಬಾವಿಯಿಂದ ನೀರು ಸೇದಿ, ದಪ್ಪ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳಿಗೆ ನೋವಾಗದಂತೆ ಅದನ್ನು ಬಾವಿಯ ನೀರಿಗೇ ಮರಳಿಸುತ್ತಾರೆ. ಕಣ್ಣಿಗೆ ಕಾಣದ ಜೀವಿಗೆ ಬಟ್ಟೆ, ಕಣ್ಣಿಗೆ ಕಾಣುವ ಜೀವಿಗೆ ಪೊರಕೆ.

ರಾತ್ರಿಭೋಜನ ತ್ಯಾಗದ ವಿಧಿಯನ್ನು ಅನೇಕರು ಇಂದು ಆರೋಗ್ಯಶಾಸ್ತ್ರದ ಆಧಾರದಿಂದ ಸಮರ್ಥಿಸುತ್ತಾರೆ. ಬೇಗ ಉಂಡರೆ ಜೀರ್ಣಕ್ಕೆ ಒಳ್ಳೆಯದು, ವೈದ್ಯರೂ ಈಗ ಹಾಗೆಯೇ ಹೇಳುತ್ತಿದ್ದಾರೆ, ಇತ್ಯಾದಿ. ಇರಬಹುದು. ಆದರೆ ಆಚಾರ್ಯರು ಆ ವಿಧಿಯನ್ನು ಹೇಳಿದ್ದು ಹೊಟ್ಟೆಯ ಹಿತಕ್ಕಾಗಿ ಅಲ್ಲ. ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಈ ವಿಷಯವನ್ನು ಎತ್ತಿಕೊಂಡಾಗ ಎದುರಾಳಿಯ ಆಕ್ಷೇಪವನ್ನೂ ತಾವೇ ಊಹಿಸಿ ಉತ್ತರಿಸುತ್ತಾರೆ. ದೀಪ ಹಚ್ಚಿಕೊಂಡು ಉಂಡರಾಯಿತಲ್ಲ ಎಂದರೆ, ದೀಪ ಹಚ್ಚಿದರೂ ಸೂರ್ಯನ ಬೆಳಕಿಲ್ಲದೆ ಉಣ್ಣುವವನು ಅನ್ನದಲ್ಲಿ ಸೇರುವ ಸೂಕ್ಷ್ಮಜೀವಿಗಳ ಹಿಂಸೆಯನ್ನು ತಪ್ಪಿಸಲಾರ ಎಂಬುದು ಅವರ ಉತ್ತರದ ತಾತ್ಪರ್ಯ. ಸಾವಿರ ವರ್ಷಗಳ ಹಿಂದಿನ ಆಚಾರ್ಯರಿಗೆ ದೀಪವು ಪರಿಹಾರವಾಗಿ ಕಾಣಲಿಲ್ಲ. ಸಮಂತಭದ್ರರು ಶ್ರಾವಕನ ಹನ್ನೊಂದು ಪ್ರತಿಮೆಗಳಲ್ಲಿ ಆರನೆಯದನ್ನು ಇದಕ್ಕೇ ಮೀಸಲಿಟ್ಟರು. ಇಷ್ಟು ಸೂಕ್ಷ್ಮವಾಗಿ ರಾತ್ರಿಯನ್ನು ಕಂಡ ಪರಂಪರೆಯ ವಾರಸುದಾರರು ಸಂಜೆ ಆರಕ್ಕೆ ಊಟ ಮುಗಿಸಿ, ಏಳಕ್ಕೆ ಬಸದಿಯ ಅಂಗಳದಲ್ಲಿ ಸಾವಿರ ದೀಪಗಳ ಗುಂಡಿ ಒತ್ತುತ್ತಾರೆಂದರೆ ವಿಧಿಯ ಅಕ್ಷರ ಉಳಿಯಿತು, ಅರ್ಥ ಜಾರಿತು ಎನ್ನಬೇಕಾಗುತ್ತದೆ. ಮದುವೆಯ ಆರತಕ್ಷತೆಗಳಲ್ಲಿ ಅಕ್ಷರವೂ ಉಳಿದಿಲ್ಲ. ರಾತ್ರಿ ಒಂಬತ್ತಕ್ಕೆ ಬಯಲಿನಲ್ಲಿ ಭೋಜನ; ಈರುಳ್ಳಿ ಬೆಳ್ಳುಳ್ಳಿ ಇಲ್ಲ ಎಂಬ ಫಲಕವೊಂದು ಮಾತ್ರ ಜೈನತ್ವಕ್ಕೆ ಸಾಕ್ಷಿ.

ಈಗ ವಿಜ್ಞಾನದ ಒಂದು ವಾರ್ತೆಯನ್ನು ಗಮನಿಸಬೇಕು. ಪತಂಗಗಳು ದೀಪಕ್ಕೆ ಏಕೆ ಮುತ್ತುತ್ತವೆ ಎಂಬುದಕ್ಕೆ ಬಹುಕಾಲದಿಂದ ನಾನಾ ಊಹೆಗಳಿದ್ದವು. ಚಂದ್ರನೆಂದು ಭ್ರಮಿಸಿ ದಾರಿ ಹಿಡಿಯುತ್ತವೆ ಎಂದರು ಕೆಲವರು. ಶಾಖಕ್ಕೆ ಮರುಳಾಗುತ್ತವೆ ಎಂದರು ಕೆಲವರು. 2024ರ ಜನವರಿಯಲ್ಲಿ ‘ನೇಚರ್ ಕಮ್ಯುನಿಕೇಷನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಸಂಶೋಧನೆಯೊಂದು ಅತಿವೇಗದ ಕ್ಯಾಮರಾಗಳಿಂದ ಕೀಟಗಳ ಹಾರಾಟವನ್ನು ಚಿತ್ರೀಕರಿಸಿ ಬೇರೆಯೇ ಕಾರಣವನ್ನು ತೋರಿಸಿತು. ಕೀಟ ದೀಪದತ್ತ ನೇರವಾಗಿ ಧಾವಿಸುವುದಿಲ್ಲ. ಅದು ತನ್ನ ಬೆನ್ನನ್ನು ಬೆಳಕಿನ ಕಡೆಗೆ ತಿರುಗಿಸುತ್ತದೆ. ಕೋಟ್ಯಂತರ ವರ್ಷಗಳಿಂದ ರಾತ್ರಿಯಲ್ಲೂ ಹೆಚ್ಚು ಬೆಳಕಿರುವ ದಿಕ್ಕು ಆಕಾಶವೇ. ಬೆನ್ನು ಆ ಕಡೆಗಿದ್ದರೆ ಮೇಲು ಯಾವುದು, ಕೆಳಗು ಯಾವುದು ಎಂಬುದು ಕೀಟಕ್ಕೆ ತಾನಾಗಿ ತಿಳಿಯುತ್ತದೆ. ಮನುಷ್ಯ ಪಕ್ಕದಲ್ಲಿ ದೀಪ ಹಚ್ಚಿದೊಡನೆ ಆ ದಿಕ್ಕೇ ಮೇಲೆಂದು ಬಗೆದು ಅದು ವಾಲುತ್ತದೆ. ವಾಲುತ್ತ ದೀಪದ ಸುತ್ತ ಸುತ್ತುತ್ತದೆ. ದೀಪ ಕೆಳಗಿದ್ದರೆ ಮಗುಚಿಕೊಂಡು ನೆಲಕ್ಕೆ ಬೀಳುತ್ತದೆ. ಅಲ್ಲಿಂದ ಬಿಡಿಸಿಕೊಳ್ಳಲಾರದು.

ಈ ಸಂಶೋಧನೆ ಒಂದು ಹಳೆಯ ದೃಷ್ಟಾಂತವನ್ನು ತಿದ್ದುತ್ತದೆ. ರೂಪಮೋಹದಿಂದ ಕೆಟ್ಟ ಜೀವಕ್ಕೆ ಪತಂಗವನ್ನು ಉದಾಹರಿಸುವುದು ಉಪದೇಶಕರ ವಾಡಿಕೆ. ಸ್ಪರ್ಶದಿಂದ ಆನೆ, ರಸದಿಂದ ಮೀನು, ಗಂಧದಿಂದ ದುಂಬಿ, ರೂಪದಿಂದ ಪತಂಗ, ಶಬ್ದದಿಂದ ಜಿಂಕೆ ಕೆಡುತ್ತವೆ ಎಂದು ಪ್ರವಚನಗಳಲ್ಲಿ ಕೇಳದ ಶ್ರಾವಕರಿಲ್ಲ. ಮನುಷ್ಯನಿಗೆ ಎಚ್ಚರ ಹೇಳಲು ಆ ಮಾತು ಇಂದಿಗೂ ಸಲ್ಲುತ್ತದೆ. ಪತಂಗದ ಮಟ್ಟಿಗೆ ಮಾತ್ರ ಅದು ಅನ್ಯಾಯ. ಪತಂಗ ದೀಪವನ್ನು ಮೋಹಿಸಲಿಲ್ಲ. ತನ್ನ ಆಕಾಶವನ್ನು ಹುಡುಕಿತು. ಆ ಚತುರಿಂದ್ರಿಯ ಜೀವಿಯ ತಲೆಯ ಮೇಲೆ ಸಾವಿರ ವರ್ಷ ಹೊರಿಸಿದ್ದ ರಾಗದ ಆರೋಪ ಬಿದ್ದುಹೋದ ಮೇಲೆ ಹೊಣೆ ಯಾರದು? ದೀಪ ಹಚ್ಚಿದವನದು. ಉಮಾಸ್ವಾಮಿಗಳು ‘ತತ್ತ್ವಾರ್ಥಸೂತ್ರ’ದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಅದರ ಮೂಲದಲ್ಲಿಟ್ಟಿದ್ದಾರೆ. ಕೊಲ್ಲಬೇಕೆಂದು ದೀಪ ಹಚ್ಚಿದವರಾರೂ ಇಲ್ಲ, ನಿಜ; ಹಚ್ಚಿದರೆ ಏನಾಗುತ್ತದೆಂಬುದನ್ನು ಪ್ರತಿದಿನ ಬೆಳಗ್ಗೆ ಕಂಡೂ ಮತ್ತೆ ಹಚ್ಚುವುದಕ್ಕೆ ಪ್ರಮಾದವೆನ್ನದೆ ಬೇರೆ ಹೆಸರಿಲ್ಲ.

ಮಿಂಚುಹುಳುವಿನ ಪಾಡು ಇನ್ನೊಂದು ಬಗೆಯದು. ಮಳೆಗಾಲದ ಮುನ್ನಾದಿನಗಳಲ್ಲಿ ಶರಾವತಿ ಕಣಿವೆಯ ಕಾಡಂಚಿನಲ್ಲಿ ಅವು ಮಿನುಗುವುದು ಗಂಡುಹೆಣ್ಣುಗಳು ಪರಸ್ಪರ ಗುರುತಿಸಿಕೊಳ್ಳಲೆಂದು. ಸುತ್ತ ದೊಡ್ಡ ಬೆಳಕಿದ್ದರೆ ಆ ಸಂಕೇತ ಕಾಣದು; ಸಂತತಿ ಕುಗ್ಗುತ್ತದೆ. ಅಲ್ಲಿ ಗುಡಿಸಲು ಹೆಣವೂ ಸಿಗುವುದಿಲ್ಲ.

ಪ್ರಯೋಜನವಿಲ್ಲದೆ ಮಾಡುವ ಹಿಂಸೆಗೆ ಶಾಸ್ತ್ರದಲ್ಲಿ ಅನರ್ಥದಂಡವೆಂಬ ಹೆಸರಿದೆ. ಅದರ ಪ್ರಭೇದಗಳಲ್ಲಿ ಪ್ರಮಾದಚರ್ಯೆ ಒಂದು. ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಸಮಂತಭದ್ರರು ಅದನ್ನು ವಿವರಿಸುತ್ತ ನಿಷ್ಫಲವಾಗಿ ನೆಲವನ್ನು, ನೀರನ್ನು, ಬೆಂಕಿಯನ್ನು, ಗಾಳಿಯನ್ನು ಕೆಣಕುವುದು, ಗಿಡಮರಗಳನ್ನು ಕಡಿಯುವುದು ಎಂದು ಎಣಿಸುತ್ತಾರೆ. ಶ್ವೇತಾಂಬರ ಸಂಪ್ರದಾಯದಲ್ಲಿ ವಿದ್ಯುತ್ತು ಸಚಿತ್ತವೋ ಅಚಿತ್ತವೋ ಎಂಬ ಚರ್ಚೆ ಕಳೆದ ಶತಮಾನದಲ್ಲಿ ಬಹಳ ನಡೆಯಿತು. ಆ ಚರ್ಚೆ ಬಗೆಹರಿಯದಿದ್ದರೂ ಬಾಧಕವಿಲ್ಲ. ತಂತಿಯೊಳಗೆ ಜೀವವಿದೆಯೆ ಎಂಬ ಪ್ರಶ್ನೆಗಿಂತ ತಂತಿಯ ಎರಡು ತುದಿಗಳಲ್ಲಿ ಏನಾಗುತ್ತಿದೆ ಎಂಬ ಪ್ರಶ್ನೆ ಸುಲಭವಾದುದು. ಒಂದು ತುದಿಯಲ್ಲಿ ಆಗುವುದನ್ನು ಹೇಳಿಯಾಯಿತು.

ಇನ್ನೊಂದು ತುದಿಗೆ ಹೋಗುವ ಮುನ್ನ ಆಡಳಿತ ಮಂಡಳಿಗಳು ಸಾಮಾನ್ಯವಾಗಿ ಕೊಡುವ ಸಮಾಧಾನಗಳನ್ನು ಕೇಳಬೇಕು. ಎಲ್‌ಇಡಿ ದೀಪಗಳು ಬಂದ ಮೇಲೆ ವಿದ್ಯುತ್ತು ಎಷ್ಟು ಖರ್ಚಾದೀತು ಎಂಬುದು ಮೊದಲನೆಯದು. ಒಂದು ದೀಪಕ್ಕೆ ತಗಲುವ ವಿದ್ಯುತ್ತು ಕಡಿಮೆಯಾದದ್ದು ಸತ್ಯ. ಆದುದರಿಂದಲೇ ನೂರು ಇದ್ದಲ್ಲಿ ಸಾವಿರ ಬಂದವು. ನಕ್ಷತ್ರ ವೀಕ್ಷಕರ ಸಾವಿರಾರು ವರದಿಗಳನ್ನು ಆಧರಿಸಿ 2023ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಲೇಖನವೊಂದು, 2011ರಿಂದ 2022ರವರೆಗೆ ರಾತ್ರಿಯ ಆಕಾಶ ವರ್ಷಕ್ಕೆ ಸರಾಸರಿ ಶೇ. 9.6ರಷ್ಟು ಹೆಚ್ಚು ಬೆಳಗಾಗುತ್ತ ಬಂದಿದೆಯೆಂದು ಲೆಕ್ಕ ಹಾಕಿತು. ವರದಿಗಳು ಬಹುಪಾಲು ಯುರೋಪು ಮತ್ತು ಅಮೆರಿಕಗಳವು; ಆದರೆ ಎಲ್‌ಇಡಿಯ ಸ್ವಭಾವ ಮಲೆನಾಡಿನಲ್ಲಿ ಬೇರೆಯಾಗುವುದಿಲ್ಲ. ಹುಳುವಿಗಂತೂ ವಿದ್ಯುತ್ತಿನ ಮಾಪಕದ ಅಂಕಿಯಿಂದ ಏನೂ ಆಗಬೇಕಾದುದಿಲ್ಲ.

ಮನೆಗಳಲ್ಲಿ ಕೇಳಿಬರುವ ಸಮಾಧಾನ ಇನ್ನೂ ವಿಚಿತ್ರ. 2023ರಲ್ಲಿ ರಾಜ್ಯ ಸರ್ಕಾರ ಜಾರಿಗೆ ತಂದ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್‌ವರೆಗೆ, ಹಿಂದಿನ ಸರಾಸರಿ ಬಳಕೆಗೆ ಅನುಗುಣವಾಗಿ, ಗೃಹಬಳಕೆಯ ವಿದ್ಯುತ್ತು ಉಚಿತ. ಬಡವರ ಮನೆಗೆ ಅದು ದೊಡ್ಡ ಆಸರೆ. ಅನುಕೂಲಸ್ಥರ ಮನೆಯ ಮುಂಭಾಗದ ಅಲಂಕಾರದೀಪಕ್ಕೆ ಅದು ನೆಪವಾಗಿದೆ. ಬಿಲ್ಲಿನಲ್ಲಿ ಸೊನ್ನೆ ಬಂದರೆ ಖರ್ಚು ಇಲ್ಲವೆಂದು ತಿಳಿಯುವುದು ವ್ಯಾಪಾರದಲ್ಲಿ ತಲೆಮಾರುಗಳನ್ನು ಕಳೆದ ಸಮಾಜಕ್ಕೆ ಒಪ್ಪುವ ಮಾತಲ್ಲ. ಯಾರದೋ ಖಾತೆಯಲ್ಲಿ ಅದು ಖರ್ಚು ಬಿದ್ದೇ ಇರುತ್ತದೆ. ದಾನಿಗಳು ಕೊಡುತ್ತಾರೆ, ಬಸದಿಯ ಹಣವಲ್ಲ ಎಂಬ ಸಬೂಬಿಗೂ ಇದೇ ಉತ್ತರ.

ಚಾವಣಿಯ ಮೇಲೆ ಸೌರ ಫಲಕ ಹಾಕಿಸಿದ್ದೇವೆ, ಇನ್ನೇನು ದೋಷ ಎನ್ನುವವರೂ ಇದ್ದಾರೆ. ಫಲಕ ಹಾಕಿಸಿದ್ದು ಒಳ್ಳೆಯದು. ಆದರೆ ಅಲಂಕಾರದ ದೀಪ ಉರಿಯುವುದು ಸೂರ್ಯನಿಲ್ಲದಾಗ. ಹಗಲಿನಲ್ಲಿ ವಿದ್ಯುತ್ತು ಹೆಚ್ಚಾಗಿ ಉಳಿಯುವುದು, ಸಂಜೆಯಾದೊಡನೆ ಸಾಲದೆ ಹೋಗುವುದು, ಇದೇ ಇಂದು ವಿದ್ಯುತ್ ವ್ಯವಸ್ಥೆಯ ದೊಡ್ಡ ತೊಡಕು. ಕೇಂದ್ರ ಸರ್ಕಾರ 2023ರಲ್ಲಿ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ ತಂದ ತಿದ್ದುಪಡಿ, ಸೌರ ವಿದ್ಯುತ್ತಿನ ಅವಧಿಯ ದರ ಸಾಮಾನ್ಯ ದರಕ್ಕಿಂತ ಶೇ. 20ರಷ್ಟಾದರೂ ಕಡಿಮೆಯಿರಬೇಕು, ಬೇಡಿಕೆ ಏರುವ ಅವಧಿಯ ದರ ಅದಕ್ಕಿಂತ ಹೆಚ್ಚಿರಬೇಕು ಎಂದಿತು. ಸೂರ್ಯಾಸ್ತದ ನಂತರದ ಉಪಭೋಗಕ್ಕೆ ಬೆಲೆ ಹೆಚ್ಚೆಂಬುದನ್ನು ಹಣಕಾಸಿನ ಲೆಕ್ಕಿಗರು ಈಗ ಕಂಡುಕೊಂಡಿದ್ದಾರೆ. ಬಸದಿಗಳ ಗ್ರಂಥಭಂಡಾರಗಳಲ್ಲಿ ಅದು ತಾಳೆಗರಿಯ ಮೇಲೆ ಬರೆದಿಟ್ಟ ಹಳೆಯ ಸುದ್ದಿ.

ಈ ಸಂಜೆಯ ಬೇಡಿಕೆಯೇ ತಂತಿಯ ಇನ್ನೊಂದು ತುದಿಯನ್ನು ಶರಾವತಿಗೆ ಮುಟ್ಟಿಸುತ್ತದೆ. ಕರ್ನಾಟಕ ವಿದ್ಯುತ್ ನಿಗಮದ 2000 ಮೆಗಾವಾಟ್ ಸಾಮರ್ಥ್ಯದ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ಕ್ರಮ ಹೀಗಿದೆ. ಕೆಳಗಿರುವ ಗೇರುಸೊಪ್ಪೆ ಜಲಾಶಯದ ನೀರನ್ನು ವಿದ್ಯುತ್ತು ಹೆಚ್ಚಾಗಿರುವ ಹೊತ್ತಿನಲ್ಲಿ ಮೇಲಿನ ತಲಕಳಲೆ ಜಲಾಶಯಕ್ಕೆ ಎತ್ತುವುದು, ಬೇಡಿಕೆ ಏರಿದ ಹೊತ್ತಿನಲ್ಲಿ ಅದೇ ನೀರನ್ನು ಇಳಿಸಿ ವಿದ್ಯುತ್ತು ಪಡೆಯುವುದು. ಇಂಥ ವ್ಯವಸ್ಥೆಯಲ್ಲಿ ಎತ್ತಲು ವ್ಯಯಿಸಿದ್ದರಲ್ಲಿ ಸುಮಾರು ಮುಕ್ಕಾಲು ಭಾಗ, ಹೆಚ್ಚೆಂದರೆ ಐದರಲ್ಲಿ ನಾಲ್ಕು ಭಾಗ ಮರಳಿ ದೊರೆಯುತ್ತದೆ, ಉಳಿದದ್ದು ನಷ್ಟ. ಸುರಂಗಗಳೂ ನೆಲದಡಿಯ ವಿದ್ಯುದಾಗಾರವೂ ಬರುವುದು ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದಲ್ಲಿ. ಸಾವಿರಾರು ಮರಗಳು ಹೋಗಬೇಕಾಗುತ್ತದೆ. 2025ರಲ್ಲಿ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ಇದಕ್ಕೆ ತಾತ್ತ್ವಿಕ ಒಪ್ಪಿಗೆ ನೀಡಿತು. ಅದೇ ವರ್ಷ ಕಣಿವೆಯ ಜನ, ಪರಿಸರಾಸಕ್ತರು, ಮಠಾಧೀಶರು ವಿರೋಧಿಸಿ ಸಭೆ ಸೇರಿದರು. ನೆಲವನ್ನು ಕೊರೆಯುವುದು, ನೀರನ್ನು ಹತ್ತಿಸಿ ಇಳಿಸುವುದು, ಮರ ಕಡಿಯುವುದು: ಪ್ರಮಾದಚರ್ಯೆಯ ಪಟ್ಟಿಯನ್ನು ಓದಿದವರಿಗೆ ಈ ಯೋಜನಾವರದಿ ಅಪರಿಚಿತವೆನಿಸದು. ನಿಷ್ಫಲವೆಂಬ ವಿಶೇಷಣವೊಂದರಲ್ಲೇ ವಿವಾದವಿರುವುದು.

ಯೋಜನೆಯ ಪರವಾಗಿ ನ್ಯಾಯವಾದ ವಾದವೂ ಇದೆ. ಕಲ್ಲಿದ್ದಲನ್ನು ಸುಡುವುದು ನಿಲ್ಲಬೇಕಾದರೆ ಸೌರ ವಿದ್ಯುತ್ತನ್ನು ಸಂಜೆಗೆ ಕಾಯ್ದಿಡಲು ಏನಾದರೊಂದು ಉಪಾಯ ಬೇಕೇಬೇಕು. ಎರಡೂ ಜಲಾಶಯಗಳು ಈಗಾಗಲೇ ಇವೆ. ಈ ವಾದವನ್ನು ತಳ್ಳಿಹಾಕಲಾಗದು. ಬಸದಿಗಳ ಅಲಂಕಾರ ಆರಿದರೆ ಯೋಜನೆ ಬೇಡವಾಗುತ್ತದೆಂದು ಹೇಳುವುದು ಸುಳ್ಳೂ ಆದೀತು. ರಾಜ್ಯದ ಬೇಡಿಕೆಯಲ್ಲಿ ಅದು ಸಾಸಿವೆಯ ಕಾಳಿಗಿಂತ ಕಡಿಮೆ. ಆದರೆ ಸಿಂಗಳೀಕದ ಪರವಾಗಿ ಅಭಯದ ಮಾತನ್ನು ಆಡಬೇಕಾದ ದಿನ ಬಂದಾಗ, ಸಂಜೆ ಏಳರಿಂದ ಹತ್ತರವರೆಗೆ ಅಂಗಳ ಬೆಳಗಿಸಿಕೊಂಡು ಕುಳಿತ ಸಂಸ್ಥೆಯೊಂದು ಯಾವ ಮುಖದಿಂದ ಆಡೀತು? ಸಸ್ಯಾಹಾರದ ಬಗ್ಗೆ, ಗೋರಕ್ಷಣೆಯ ಬಗ್ಗೆ ಠರಾವುಗಳನ್ನು ಮಂಡಿಸಿದ ಎಷ್ಟೋ ವೇದಿಕೆಗಳು ಶರಾವತಿಯ ವಿಷಯದಲ್ಲಿ ಮೌನವಾಗಿವೆ. ಗೇರುಸೊಪ್ಪೆ ಜೈನರಿಗೆ ಹೊರಗಿನ ಊರಲ್ಲ ಎಂಬುದನ್ನಾದರೂ ನೆನೆಯಬಹುದಾಗಿತ್ತು. ಹದಿನಾರನೆಯ ಶತಮಾನದಲ್ಲಿ ರಾಣಿ ಚೆನ್ನಭೈರಾದೇವಿ ಆಳಿದ ನೆಲ ಅದು. ಅಲ್ಲಿನ ಚತುರ್ಮುಖ ಬಸದಿ ಇಂದಿಗೂ ಕಾಡಿನ ನಡುವೆ ನಾಲ್ಕು ದಿಕ್ಕಿಗೆ ಬಾಗಿಲು ತೆರೆದುಕೊಂಡು ನಿಂತಿದೆ. ಬಣ್ಣದ ದೀಪಗಳಿಲ್ಲದ್ದರಿಂದ ಅದರ ಗೌರವಕ್ಕೆ ಕುಂದು ಬಂದುದನ್ನು ಯಾವ ಯಾತ್ರಿಕರೂ ಹೇಳಿಲ್ಲ.

ಉಳಿದ ಆಕ್ಷೇಪಗಳಲ್ಲಿ ಒಂದಕ್ಕೆ ನಿಜವಾದ ತೂಕವಿದೆ. ದುಡಿಯುವ ಮಕ್ಕಳು ನಗರಗಳಲ್ಲಿದ್ದಾರೆ. ಹಗಲಿನ ಕಾರ್ಯಕ್ರಮಕ್ಕೆ ಅವರು ಬರಲಾರರು. ಸಂಜೆಯೂ ಇಲ್ಲವಾದರೆ ಬಸದಿಯ ಬಳಕೆಯೇ ತಪ್ಪಿಹೋದೀತು ಎಂಬುದು ಹಿರಿಯರ ಅಳಲು. ಸಂಜೆಯ ಸ್ವಾಧ್ಯಾಯಕ್ಕೆ, ಆರತಿಗೆ ಬೇಕಾದಷ್ಟು ಬೆಳಕನ್ನು ಯಾರೂ ಬೇಡವೆನ್ನುವುದಿಲ್ಲ. ಬಾಗಿಲು ಕಿಟಕಿಗಳೊಳಗೆ, ಕೆಳಮುಖವಾದ, ಕಾರ್ಯ ಮುಗಿದೊಡನೆ ಆರುವ ದೀಪ ಸಾಕು. ಪಕ್ಕದ ಊರಿನ ದೇವಸ್ಥಾನದವರು ಇಷ್ಟು ವೈಭವದಿಂದ ಮಾಡುವಾಗ ಬಸದಿ ಬಡವಾಗಿ ಕಾಣುವುದಿಲ್ಲವೆ ಎಂಬ ಇನ್ನೊಂದು ಅಳಲಿಗೆ ಶ್ರವಣಬೆಳಗೊಳವೇ ಉತ್ತರ. ಹನ್ನೆರಡು ವರ್ಷಗಳಿಗೊಮ್ಮೆ, ಇತ್ತೀಚೆಗೆ 2018ರಲ್ಲಿ, ನಡೆದ ಮಹಾಮಸ್ತಕಾಭಿಷೇಕವನ್ನು ಕಾಣಲು ಲೋಕದ ಮೂಲೆಮೂಲೆಗಳಿಂದ ಜನ ಬಂದರು. ಗೊಮ್ಮಟನ ತಲೆಯ ಮೇಲೆ ಹಾಲು, ಅರಿಸಿನ, ಕುಂಕುಮಗಳು ಇಳಿದುಬಂದುದು ಹಗಲಿನ ಬಿಸಿಲಿನಲ್ಲಿ.

ಅಲಂಕಾರದ ಬಾಬಿನಲ್ಲಿ ಉಳಿಯುವ ಹಣವನ್ನು ಏನು ಮಾಡುವುದೆಂಬ ಚಿಂತೆ ಆಡಳಿತ ಮಂಡಳಿಗಳಿಗೆ ಬೇಡ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳ ಪಟ್ಟಿ ಹಿಂದಿನಿಂದಲೂ ಇದೆ. ದೀಪಾಲಂಕಾರ ದಾನವೆಂಬ ಐದನೆಯದನ್ನು ಯಾವ ಆಚಾರ್ಯರೂ ಸೇರಿಸಲಿಲ್ಲ. ಸರಗಳನ್ನು ಬಿಚ್ಚಿಸಿದ ರಾತ್ರಿಯಿಂದಲೇ ಚತುರಿಂದ್ರಿಯ ಜೀವಿಗಳಿಗೆ ಅಭಯದಾನವಾಯಿತು. ಅದಕ್ಕೆ ಒಂದು ಕಾಸೂ ಬೇಕಿಲ್ಲ. ಔಷಧದಾನಕ್ಕೆ ಬ್ಯಾಕೋಡಿನ ದಾರಿ ಈಗ ತೆರೆದಿದೆ. ಸೇತುವೆಯಾದರೂ ನಡುರಾತ್ರಿಯಲ್ಲಿ ಕಾಡಿನೊಳಗಿನ ಒಂಟಿಮನೆಯಿಂದ ಸಾಗರದ ಆಸ್ಪತ್ರೆಗೆ ಬರಲು ವಾಹನ ಬೇಕು, ಚಾಲಕ ಬೇಕು, ಅದರ ಬಾಡಿಗೆಯನ್ನು ಕೊಡಲಾಗದವರ ಪರವಾಗಿ ಕೊಡುವವರು ಬೇಕು. ಮಲೆನಾಡಿನ ಕೆಲವು ಬಸದಿಗಳು ಒಂದು ಉತ್ಸವದ ಅಲಂಕಾರದ ಮೊತ್ತವನ್ನು ಒಟ್ಟುಗೂಡಿಸಿದರೆ ಇಂಥದೊಂದು ರಾತ್ರಿವಾಹನ ನಡೆದೀತು. ಅದರ ಎರಡು ದೀಪಗಳು ಸೇತುವೆಯ ಮೇಲೆ ಹಾದುಹೋಗುವಾಗಲೂ ಹುಳುಗಳು ಬಡಿಯುತ್ತವೆ. ಆ ಹಿಂಸೆಗೆ ಪ್ರತಿಯಾಗಿ ಒಂದು ಪ್ರಾಣ ಉಳಿದಿರುತ್ತದೆ.

ಮುಂದಿನ ವರ್ಷದ ಆಯವ್ಯಯ ಪಟ್ಟಿ ಆಡಳಿತ ಮಂಡಳಿಗಳ ಮುಂದೆ ಬರುವಾಗ ವಿದ್ಯುದ್ದೀಪಾಲಂಕಾರದ ಬಾಬು ಎಂದಿನಂತೆ ಶಾಮಿಯಾನ ಮತ್ತು ಧ್ವನಿವರ್ಧಕಗಳ ಪಕ್ಕದಲ್ಲಿರುತ್ತದೆ, ಎಂದಿನಂತೆ ಚರ್ಚೆಯಿಲ್ಲದೆ ಮಂಜೂರಾಗುತ್ತದೆ. ಈ ಸಲ ಸದಸ್ಯರಲ್ಲಿ ಒಬ್ಬರಾದರೂ ಎದ್ದು, ಕಳೆದ ಉತ್ಸವದ ಮರುದಿನ ಬೆಳಗ್ಗೆ ಅಂಗಳವನ್ನು ಗುಡಿಸಿದವರನ್ನು ಸಭೆಗೆ ಕರೆಸಿ, ಮೊರದಲ್ಲಿ ಏನೇನಿತ್ತೆಂದು ಕೇಳಬೇಕು.